ಆಪರೇಷನ್ ಒಂದು ದಿನದ್ದು, ಮಾತ್ರೆ ಜೀವಮಾನದ್ದು: ತೂಕ ಇಳಿಸುವ ಸರ್ಜರಿ ಆದವರ ವಿಟಮಿನ್ ಲೆಕ್ಕ

ಆರೋಗ್ಯ ವಿಮೆಯ ಪಾಲಿಸಿ ಪುಸ್ತಕವನ್ನು ಪೂರ್ತಿ ಓದುವವರು ಅಪರೂಪ. ಆದರೆ ಅದರ ಎರಡು ಕಲಂಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ನಾನು ಹೇಳಹೊರಟಿರುವ ಸಮಸ್ಯೆ ಅಲ್ಲೇ ಕಾಣುತ್ತೆ. ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2019ರಲ್ಲಿ, ಯಾವುದಕ್ಕೆ ದುಡ್ಡು ಕೊಡಬೇಕಾಗಿಲ್ಲ ಅನ್ನುವ ಪಟ್ಟಿಯನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟಿತು. ಅದರ 6ನೇ ಕೋಡ್ ಬೊಜ್ಜಿನ ಸರ್ಜರಿ ಬಗ್ಗೆ. ವಯಸ್ಸು 18 ದಾಟಿರಬೇಕು, ವೈದ್ಯರ ಸಲಹೆ ಇರಬೇಕು, ಬೇರೆ ದಾರಿಗಳು ಸೋತಿರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ 35ರ ಮೇಲಿದ್ದು ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಸಮಸ್ಯೆಯಂಥದ್ದು ಇರಬೇಕು. ಹೀಗಿದ್ದರೆ ಸರ್ಜರಿ ಆ ಪಟ್ಟಿಯಿಂದ ಹೊರಗೆ, ಅಂದರೆ ಕ್ಲೇಮ್ ಮಾಡಬಹುದು. ಇನ್ನು 14ನೇ ಕೋಡ್: ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ವಿಟಮಿನ್, ಖನಿಜ, ಪೂರಕಗಳಿಗೆ ದುಡ್ಡಿಲ್ಲ. ಆಸ್ಪತ್ರೆಗೆ ದಾಖಲಾದ ಕ್ಲೇಮಿನ ಭಾಗವಾಗಿ ವೈದ್ಯರು ಬರೆದಿದ್ದರೆ ಮಾತ್ರ ಉಂಟು.

ಅಂದರೆ, ನಿಮ್ಮ ಜಠರವನ್ನು ಕತ್ತರಿಸಲು ಲಕ್ಷಗಟ್ಟಲೆ ಬಿಲ್ ಪಾಸಾಗುತ್ತೆ. ಕತ್ತರಿಸಿದ ಕಾರಣಕ್ಕೇ ಸಾಯೋತನಕ ನುಂಗಬೇಕಾದ ಮಾತ್ರೆ ಮಾತ್ರ ನಿಮ್ಮ ಜೇಬಿನಿಂದ.

ನಾನು ಶ್ರೀನಿವಾಸಪುರ ತಾಲೂಕಿನವಳು, ಕೆಲಸ ಕೋಲಾರದಲ್ಲಿ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನಗೆ ಬೈಪಾಸ್ ಆಯಿತು. ಹೃದಯದ್ದಲ್ಲ, ಜಠರದ್ದು. ಆಮೇಲೆ ಮಾಲೂರು, ಮುಳಬಾಗಿಲು, ಕೋಲಾರ ಅಂತ ಪರಿಚಯದವರ ಪರಿಚಯದವರು ಫೋನ್ ಮಾಡಿ ಕೇಳುವುದು ಶುರುವಾಯಿತು. ಯಾರೂ ಸರ್ಜರಿ ಬಗ್ಗೆ ಕೇಳಲ್ಲ. ಕೇಳುವುದೆಲ್ಲ ಮಾತ್ರೆ ಬಗ್ಗೆ. "ಅಕ್ಕ, ಒಂದ್ ವರ್ಷ ಆಯ್ತು, ಇನ್ನೂ ನುಂಗ್ಬೇಕಾ?" ಹೌದು, ನುಂಗಬೇಕು. ಯಾಕೆ, ಯಾವುದು, ಯಾವಾಗ ಅನ್ನುವುದನ್ನು ಒಂದೇ ಕಡೆ ಬರೆದಿಡೋಣ ಅಂತ ಈ ಲೇಖನ. ನಾನು ಡಾಕ್ಟರ್ ಅಲ್ಲ. ಇಲ್ಲಿ ಬರುವ ಪ್ರಮಾಣಗಳು ಬಹುಪಾಲು ಅಮೆರಿಕದ ಬೇರಿಯಾಟ್ರಿಕ್ ಸರ್ಜನ್‌ಗಳ ಸೊಸೈಟಿ (ಎಎಸ್‌ಎಂಬಿಎಸ್) 2016ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯವು. ನಿಮಗೆ ಎಷ್ಟು ಅನ್ನುವುದನ್ನು ನಿಮ್ಮ ರಕ್ತ ಪರೀಕ್ಷೆ ಮತ್ತು ನಿಮ್ಮ ವೈದ್ಯರು ನಿರ್ಧರಿಸಬೇಕು.

ಕತ್ತರಿಸುವುದು ಏನನ್ನು?

ಮೊದಲು ಒಂದು ಗೊಂದಲ ಬಗೆಹರಿಯಲಿ. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಸರ್ಜರಿ ನಂತರ ತೀರಿಹೋದಾಗ ಟಿವಿಗಳು ಎಲ್ಲವನ್ನೂ ಕಲಸಿ "ಸಣ್ಣ ಆಗುವ ಆಪರೇಷನ್" ಅಂದವು. ಚರ್ಮದಡಿಯ ಕೊಬ್ಬು ತೆಗೆಯುವುದು ಸೌಂದರ್ಯ ಚಿಕಿತ್ಸೆ. ಅದರಿಂದ ಜೀರ್ಣಾಂಗಕ್ಕೆ ಏನೂ ಆಗುವುದಿಲ್ಲ, ಜೀವಮಾನದ ವಿಟಮಿನ್ ಪ್ರಶ್ನೆಯೂ ಬರುವುದಿಲ್ಲ. ನಾವು ಮಾತಾಡುತ್ತಿರುವುದು ಜಠರ, ಕರುಳಿನ ರಚನೆಯನ್ನೇ ಬದಲಿಸುವ ಬೇರಿಯಾಟ್ರಿಕ್ ಸರ್ಜರಿ ಬಗ್ಗೆ.

ಇದರಲ್ಲಿ ಸಾಮಾನ್ಯವಾದವು ಎರಡು. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಕೊಳವೆ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಒಂದು ಪುಟ್ಟ ಚೀಲ ಮಾಡಿ (ಸುಮಾರು 30 ಮಿ.ಲೀ., ಟೀ ಲೋಟದ ಕಾಲು ಭಾಗವೂ ಇಲ್ಲ) ಅದನ್ನು ಸಣ್ಣಕರುಳಿನ ಕೆಳಗಿನ ಭಾಗಕ್ಕೆ ಜೋಡಿಸುತ್ತಾರೆ. ಆಹಾರ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದಕ್ಕೆ ಹೋಗುತ್ತೆ. 'ಮಿನಿ ಬೈಪಾಸ್' ಅನ್ನುವುದೂ ಇದೆ. ಹೆಸರು ಮಿನಿ ಆದರೂ ಬಿಟ್ಟುಹೋಗುವ ಕರುಳಿನ ಉದ್ದ ಕಮ್ಮಿಯೇನಲ್ಲ, ಮಾತ್ರೆಯ ವಿಷಯದಲ್ಲಿ ಅದನ್ನು ದೊಡ್ಡ ಬೈಪಾಸ್ ಅಂತಲೇ ಲೆಕ್ಕ ಹಾಕಬೇಕು.

ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೊಳ್ಳುವುದು ಕರುಳಿನ ಆ ಮೊದಲ ಭಾಗದಲ್ಲೇ. ಬಿ12 ಹೀರಲು ಬೇಕಾದ ಸಹಾಯಕ ವಸ್ತು ತಯಾರಾಗುವುದು ಜಠರದ ಗೋಡೆಯಲ್ಲಿ. ಮಾತ್ರೆ ಕರಗಿಸುವ ಆಮ್ಲವೂ ಅಲ್ಲಿಂದಲೇ ಬರಬೇಕು. ಇದೆಲ್ಲ ಕಡಿಮೆಯಾಗಿದೆ, ಮೇಲಾಗಿ ತಿನ್ನುವುದೇ ಸ್ವಲ್ಪ. ಹಾಗಾಗಿ "ಚೆನ್ನಾಗಿ ಊಟ ಮಾಡಿದ್ರೆ ಮಾತ್ರೆ ಯಾಕೆ?" ಅನ್ನುವ ನಮ್ಮಮ್ಮನ ಪ್ರಶ್ನೆಗೆ ಉತ್ತರ: ಊಟದಲ್ಲಿ ತಪ್ಪಿಲ್ಲಮ್ಮಾ, ಅದನ್ನು ಹೀರುವ ಜಾಗವೇ ಇಲ್ಲ.

ವೈದ್ಯರಿಗೂ ಇದು ಹೊಸದಲ್ಲ. 1960ರ ದಶಕದಲ್ಲಿ ಅಯೋವಾದ ಸರ್ಜನ್ ಎಡ್ವರ್ಡ್ ಮೇಸನ್ ಜಠರದ ಬೈಪಾಸ್ ಶುರು ಮಾಡುವುದಕ್ಕೂ ಮುಂಚೆ, ಸಣ್ಣಕರುಳಿನ ಬಹುಪಾಲನ್ನೇ ಬಿಟ್ಟು ಜೋಡಿಸುವ ಆಪರೇಷನ್ ಇತ್ತು. ತೂಕ ಇಳಿಯಿತು, ಆದರೆ ಅಪೌಷ್ಟಿಕತೆ, ಯಕೃತ್ತಿನ ವೈಫಲ್ಯ ಬಂದು ಅದನ್ನು ಕೈಬಿಡಬೇಕಾಯಿತು.

ಗ್ಲೂಕೋಸ್ ಬಾಟ್ಲಿಗೂ ಮುಂಚೆ ಬಿ1

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದ್ರೆ ಇದನ್ನು ಓದಿ.

ಬಿ12 ನಮ್ಮ ಯಕೃತ್ತಿನಲ್ಲಿ ವರ್ಷಗಳಿಗೆ ಸಾಲುವಷ್ಟು ಸಂಗ್ರಹ ಇರುತ್ತೆ. ಬಿ1, ಅಂದರೆ ಥಯಾಮಿನ್, ಹಾಗಲ್ಲ. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರದ್ದು ಅಷ್ಟೇ. ಸರ್ಜರಿ ಆದ ಮೊದಲ ಮೂರು ತಿಂಗಳು ಊಟ ಚಮಚದ ಲೆಕ್ಕದಲ್ಲಿ, ತೂಕ ಸರಸರ ಇಳಿಯುತ್ತಿರುತ್ತೆ, ಕೆಲವರಿಗೆ ವಾಂತಿ. ದಿನವೂ ವಾಂತಿ ಆಗುತ್ತಿದ್ದರೆ ನುಂಗಿದ ಮಾತ್ರೆಯೂ ಹೊರಗೆ. ಆಗ ಬಿ1 ಖಾಲಿಯಾದರೆ ಪೆಟ್ಟು ಬೀಳುವುದು ಮಿದುಳು, ನರಗಳಿಗೆ. ಕಣ್ಣು ಎರಡೆರಡಾಗಿ ಕಾಣುವುದು, ಕಣ್ಣುಗುಡ್ಡೆ ತಾನಾಗಿ ಅಲುಗುವುದು, ನಡೆದರೆ ತೂರಾಡುವುದು, ಮಾತು ಮನಸ್ಸು ಗೊಂದಲವಾಗುವುದು. ವೈದ್ಯರು ಇದನ್ನು ವರ್ನಿಕೆ ಎನ್‌ಸೆಫಲೋಪತಿ ಅನ್ನುತ್ತಾರೆ. ಬೇಗ ಗುರುತಿಸಿದರೆ ಬಿ1 ಇಂಜೆಕ್ಷನ್‌ನಿಂದ ಸುಧಾರಿಸುತ್ತೆ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು, ಪ್ರಾಣವೂ ಹೋಗಬಹುದು.

ಈಗ ನಮ್ಮ ಊರುಗಳ ಅಭ್ಯಾಸ ನೋಡಿ. ಸುಸ್ತು, ವಾಂತಿ ಅಂತ ಹೋದರೆ ಮೊದಲು ಏರಿಸುವುದು ಗ್ಲೂಕೋಸ್ ಬಾಟ್ಲು. ಅದನ್ನು ಏರಿಸದ ಡಾಕ್ಟರ್ ಡಾಕ್ಟರೇ ಅಲ್ಲ ಅನ್ನುವಷ್ಟು ನಂಬಿಕೆ. ಗ್ಲೂಕೋಸನ್ನು ದೇಹ ಬಳಸಿಕೊಳ್ಳಲು ಬಿ1 ಬೇಕು. ಬಿ1 ತಳ ಮುಟ್ಟಿರುವವರಿಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರು ಬಿ1 ಕೂಡ ಅದಕ್ಕೇ ಖರ್ಚಾಗಿ, ಮಿದುಳಿನ ತೊಂದರೆ ಗಂಟೆಗಳಲ್ಲಿ ಶುರುವಾಗಬಹುದು. ಆದ್ದರಿಂದ ನಿಯಮ ಇಷ್ಟು: ಸರ್ಜರಿ ಆದವರಿಗೆ ಬಿಡದೆ ವಾಂತಿ ಆಗುತ್ತಿದ್ದರೆ ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ನೀರಿನಂಶಕ್ಕೆ ಮೊದಲು ಸಲೈನ್ ಸಾಕು. ರಕ್ತದ ಸಕ್ಕರೆ ತೀರಾ ಇಳಿದಿದ್ದರೆ ಗ್ಲೂಕೋಸ್ ತಡೆದು ಕೂರುವ ಹಾಗಿಲ್ಲ, ಆಗ ಎರಡನ್ನೂ ಒಟ್ಟೊಟ್ಟಿಗೇ ಕೊಡಬೇಕು.

ಮುಳಬಾಗಿಲಿನಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ರಾತ್ರಿ ಹತ್ತಕ್ಕೆ ವಾಂತಿ ಶುರುವಾದರೆ ಸರ್ಜರಿ ಮಾಡಿದ ಡಾಕ್ಟರ್ ಹತ್ತಿರ ಯಾರು ಓಡುತ್ತಾರೆ? ಪಕ್ಕದ ಬೀದಿಯ ಕ್ಲಿನಿಕ್‌ಗೇ ಹೋಗುವುದು. ಅಲ್ಲಿರುವವರಿಗೆ ನಿಮ್ಮ ಹೊಟ್ಟೆಯೊಳಗೆ ಏನಾಗಿದೆ ಅಂತ ನೀವು ಹೇಳದೆ ಗೊತ್ತಾಗುವುದಿಲ್ಲ, ದೂರದರ್ಶಕದಿಂದ ಮಾಡಿದ ಸರ್ಜರಿಯ ಗಾಯ ಹೊರಗೆ ಕಾಣುವುದೂ ಚೂರೇ ಚೂರು. ನನಗೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಇಂಗ್ಲಿಷ್‌ನಲ್ಲಿತ್ತು, ಥಯಾಮಿನ್ ಬಗ್ಗೆ ಒಂದೇ ಒಂದು ಎಚ್ಚರಿಕೆ ಇರಲಿಲ್ಲ. ಇದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಡಲು ಆಸ್ಪತ್ರೆಗಳಿಗೆ ಏನು ಖರ್ಚು ಹೇಳಿ?

ದಿನದ ಪ್ರಮಾಣ ಕನಿಷ್ಠ 12 ಮಿ.ಗ್ರಾಂ. ಅಪಾಯ ಹೆಚ್ಚಿರುವವರಿಗೆ 50ರಿಂದ 100. ಬಿ1 ಮಾತ್ರೆ ಅಗ್ಗ. ಕುಡಿತ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಸರ್ಜರಿ ನಂತರ ಮದ್ಯ ಬೇಗ ಏರುತ್ತೆ ಕೂಡ.

ಬಿ12: ನಿಧಾನದ ಕಳ್ಳ

ದಿನಕ್ಕೆ ದೇಹಕ್ಕೆ ಬೇಕಿರುವ ಬಿ12 ಎರಡು ಚಿಲ್ಲರೆ ಮೈಕ್ರೋಗ್ರಾಂ. ಆದರೆ ಸರ್ಜರಿ ಆದವರಿಗೆ ಹೇಳುವ ಪ್ರಮಾಣ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಮಾತ್ರೆ, ಅಥವಾ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್. ಯಾಕಿಷ್ಟು ವ್ಯತ್ಯಾಸ? ಜಠರದ ಸಹಾಯ ಇಲ್ಲದಾಗ ಬಿ12 ಕರುಳಿನ ಗೋಡೆಯಲ್ಲಿ ತಾನಾಗಿ ಸೋರಿ ಒಳಹೋಗುವುದು ಶೇ. 1ರಷ್ಟು ಮಾತ್ರ. 1000 ನುಂಗಿದರೆ 10 ದಕ್ಕುತ್ತೆ. ಮೆಡಿಕಲ್ ಸ್ಟೋರಿನಲ್ಲಿ "ಶಕ್ತಿ ಮಾತ್ರೆ" ಅಂತ ಕೊಡುವ ಹಲವು ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲ್‌ಗಳಲ್ಲಿ ಬಿ12 ಇರುವುದು 15 ಮೈಕ್ರೋಗ್ರಾಂ ಆಸುಪಾಸು. ಅದರಲ್ಲಿ ನಮಗೆ ದಕ್ಕುವುದೆಷ್ಟು ಅಂತ ನೀವೇ ಲೆಕ್ಕ ಹಾಕಿ. "ಸ್ಟಾಕ್ ಇಲ್ಲ ಅಕ್ಕ, ಇದೂ ಬಿ ಕಾಂಪ್ಲೆಕ್ಸೇ, ಒಂದೇ" ಅಂದರೆ ಒಪ್ಪಬೇಡಿ. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ.

ಬಿ12 ಕೊರತೆ ಕಾಣಿಸಿಕೊಳ್ಳಲು ಎರಡು ಮೂರು ವರ್ಷ ಹಿಡಿಯಬಹುದು. ಅಷ್ಟು ಹೊತ್ತಿಗೆ ಮಾತ್ರೆ ಬಿಟ್ಟವರು ಬಿಟ್ಟೇ ಇರುತ್ತಾರೆ, ಎರಡಕ್ಕೂ ಸಂಬಂಧ ಇದೆ ಅಂತ ಹೊಳೆಯುವುದೇ ಇಲ್ಲ. ಪಾದ ಜೋಮು ಹಿಡಿಯುವುದು, ಮರೆವು, ನಾಲಿಗೆ ಉರಿ, ಕತ್ತಲಲ್ಲಿ ನಡೆದರೆ ಹೆಜ್ಜೆ ತಪ್ಪುವುದು ಲಕ್ಷಣಗಳು. ನರಕ್ಕೆ ಆದ ಹಾನಿ ಎಲ್ಲವೂ ವಾಪಸ್ ಬರುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರು ಬಿಟ್ಟರೆ ಬಿ12ಗೆ ಬೇರೆ ಮೂಲವೇ ಇಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಗ್ಯಾಸ್ ಅಂತ ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್, ಎರಡೂ ಇದನ್ನು ಇನ್ನಷ್ಟು ಇಳಿಸುತ್ತವೆ.

ಕೆಂಪು ಮಾತ್ರೆ ಸಾಲುತ್ತಾ?

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ. 30ರಷ್ಟು ಹೆಂಗಸರ ತೂಕ ಹೆಚ್ಚು. ದಪ್ಪ ಇರುವವರಿಗೆ ರಕ್ತ ಚೆನ್ನಾಗಿರುತ್ತೆ ಅನ್ನುವುದು ಸುಳ್ಳು. ಒಬ್ಬಳೇ ಹೆಂಗಸಿಗೆ ಎರಡೂ ಇರಬಹುದು, ಅಂಥವಳು ಸರ್ಜರಿ ಟೇಬಲ್ ಮೇಲೆ ಮಲಗುವಾಗಲೇ ಕಬ್ಬಿಣಾಂಶ ಕಡಿಮೆ.

ಸರ್ಜರಿ ಆದ, ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ ದಿನಕ್ಕೆ 45ರಿಂದ 60 ಮಿ.ಗ್ರಾಂ ಕಬ್ಬಿಣ ಬೇಕು. 2018ರ 'ಅನೀಮಿಯಾ ಮುಕ್ತ ಭಾರತ' ಯೋಜನೆಯಡಿ ಆಶಾ ಅಕ್ಕಂದಿರು ಕೊಡುವ ಕೆಂಪು ಮಾತ್ರೆಯಲ್ಲಿ ಇರುವುದೂ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಪ್ರಮಾಣ ಸರಿಹೋಯಿತಲ್ಲ ಅಂದುಕೊಳ್ಳಬೇಡಿ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಅದು ದಿನಕ್ಕೊಂದು, ಉಳಿದ ಹೆಂಗಸರಿಗೆ ವಾರಕ್ಕೊಂದು. ನಮಗೆ ಬೇಕಿರುವುದು ದಿನಕ್ಕೊಂದು, ಜೀವನಪೂರ್ತಿ. ನಮ್ಮಂಥವರಿಗೆ ಅಂತ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಡಿಸ್ಚಾರ್ಜ್ ಸಮ್ಮರಿ ತೋರಿಸಿ ಕೇಳಿ, ಅವರು ಬರೆದುಕೊಟ್ಟರೆ ಅದೇ ಮಾತ್ರೆ ಉಚಿತವಾಗಿ ಸಿಗಬಹುದು.

ಒಂದು ಎಚ್ಚರಿಕೆ. ಕೆಂಪು ಮಾತ್ರೆಯಲ್ಲಿ ಬಿ12 ಇಲ್ಲ. ಬಿ12 ಕೊರತೆಯಿಂದ ಬಂದ ರಕ್ತಹೀನತೆಯನ್ನು ಫೋಲಿಕ್ ಆಮ್ಲ ಮುಚ್ಚಿಹಾಕಬಹುದು: ಹಿಮೋಗ್ಲೋಬಿನ್ ಸರಿ ಕಾಣುತ್ತೆ, ಒಳಗೆ ನರ ಹಾಳಾಗುತ್ತಲೇ ಇರುತ್ತೆ. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಬೇಕು.

ಕಬ್ಬಿಣದ ಮಾತ್ರೆಗೆ ಶತ್ರುಗಳು ಜಾಸ್ತಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ, ಕೊನೆಗೆ ನಮ್ಮ ರಾಗಿ ಕೂಡ. ರಾಗಿಯಲ್ಲಿರುವ ಫೈಟೇಟ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತೆ. ಬೆಳಗ್ಗೆ ಎದ್ದ ಕೂಡಲೇ ನಿಂಬೆ ನೀರು ಅಥವಾ ನೆಲ್ಲಿಕಾಯಿ ಜೊತೆ ನುಂಗಿ, ಕಾಫಿಯನ್ನು ಒಂದೆರಡು ಗಂಟೆ ಮುಂದೂಡಿ. ಕ್ಯಾಲ್ಸಿಯಂಗೂ ಇದಕ್ಕೂ ಎರಡು ಗಂಟೆ ಅಂತರ ಕಡ್ಡಾಯ. ಮಾಲೂರಿನಿಂದ ಬೆಳಗ್ಗೆ ರೈಲು ಹಿಡಿಯುವವರು, ನರಸಾಪುರ ಫ್ಯಾಕ್ಟರಿಗೆ ಶಿಫ್ಟ್‌ಗೆ ಹೋಗುವವರು ರಾತ್ರಿ ಮಲಗುವ ಮುಂಚೆ ಇಟ್ಟುಕೊಳ್ಳಬಹುದು. ಮಲ ಕಪ್ಪಾದರೆ ಗಾಬರಿ ಬೇಡ. ಆದರೆ ಟಾರಿನ ಹಾಗೆ ಅಂಟಾಗಿ, ಕೆಟ್ಟ ವಾಸನೆ ಬಂದರೆ ಅದು ಒಳಗಿನ ರಕ್ತಸ್ರಾವ ಇರಬಹುದು. ಬೈಪಾಸ್ ಆದವರು ಮಂಡಿ ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗಿದರೆ ಜೋಡಿಸಿದ ಜಾಗದಲ್ಲಿ ಹುಣ್ಣಾಗುವುದು ಇದ್ದದ್ದೇ. ಮಾತ್ರೆಯಿಂದ ಏರದಿದ್ದರೆ ನರದ ಮೂಲಕ ಕಬ್ಬಿಣ ಕೊಡುತ್ತಾರೆ.

ಕ್ಯಾಲ್ಸಿಯಂ, ಮೂಳೆ, ನಮ್ಮ ಬೋರ್‌ವೆಲ್ ನೀರು

ಕ್ಯಾಲ್ಸಿಯಂ ಮಾತ್ರೆಯಲ್ಲಿ ಎರಡು ಜಾತಿ. ಕಾರ್ಬೋನೇಟ್ ಅಗ್ಗ, ಸರ್ಕಾರ ಕೊಡುವುದೂ ಅದನ್ನೇ, ಆದರೆ ಕರಗಲು ಆಮ್ಲ ಬೇಕು. ನಮಗೆ ಆಮ್ಲವೇ ಕಡಿಮೆ. ಅದಕ್ಕೇ ಸಿಟ್ರೇಟ್ ಒಳ್ಳೆಯದು ಅನ್ನುತ್ತಾರೆ. ಲೇಬಲ್‌ನಲ್ಲಿ ಒಂದು ಮೋಸ ಇದೆ, ಮೋಸ ಅನ್ನುವುದಕ್ಕಿಂತ ಲೆಕ್ಕ. 'ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ' ಅಂತ ಬರೆದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ ಸುಮಾರು 210 ಮಿ.ಗ್ರಾಂ. ಕಾರ್ಬೋನೇಟ್ 1250 ಅಂದರೆ 500. ಸ್ಲೀವ್ ಆಗಲಿ ಬೈಪಾಸ್ ಆಗಲಿ, ದಿನಕ್ಕೆ ಬೇಕಿರುವುದು ಊಟದ್ದೂ ಸೇರಿ 1200ರಿಂದ 1500 ಮಿ.ಗ್ರಾಂ ನಿಜವಾದ ಕ್ಯಾಲ್ಸಿಯಂ. ಒಮ್ಮೆಗೆ 500-600ಕ್ಕಿಂತ ಹೆಚ್ಚು ದೇಹ ಹೀರುವುದಿಲ್ಲ, ಹಾಗಾಗಿ ಎರಡು ಮೂರು ಸಲ ಹಂಚಿ ನುಂಗಬೇಕು.

ರಾಗಿ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ, ಧಾನ್ಯಗಳಲ್ಲೇ ದೊಡ್ಡ ಲೆಕ್ಕ. ಆದರೆ ಸರ್ಜರಿ ಆದ ಮೇಲೆ 100 ಗ್ರಾಂ ಹಿಟ್ಟಿನ ಮುದ್ದೆ ಒಂದು ಹೊತ್ತಿಗೆ ಇಳಿಯುವುದಿಲ್ಲ. ಇನ್ನೊಂದು ವಿಷಯ ಬೆಂಗಳೂರಿನ ಡಯಟೀಶಿಯನ್ ಚಾರ್ಟಿನಲ್ಲಿ ಇರಲ್ಲ: ನಮ್ಮಲ್ಲಿ ಮುದ್ದೆ ಅಗಿಯುವುದಿಲ್ಲ, ನುಂಗುತ್ತೇವೆ. ಕಿರಿದಾದ ಜಠರಕ್ಕೆ ಅಗಿಯದ ತುತ್ತು ಸಿಕ್ಕಿಹಾಕಿಕೊಂಡರೆ ಎದೆ ಬಿಗಿದು ವಾಂತಿ. ಮೊದಲ ತಿಂಗಳುಗಳಲ್ಲಿ ರಾಗಿ ಗಂಜಿ, ಅಂಬಲಿ ಸಾಕು. ಆಮೇಲೆ ಮುದ್ದೆ ತಿನ್ನುವುದಾದರೆ ಗೋಲಿಯಷ್ಟು, ಸಾರಿನಲ್ಲಿ ಕಲಸಿ. ಅದಕ್ಕೂ ಮುಂಚೆ ಹಿತಕಿದ ಬೇಳೆ, ಹುರುಳಿ, ಮೊಟ್ಟೆ, ಮೊಸರು ಒಳಗೆ ಹೋಗಿರಬೇಕು, ಪ್ರೋಟೀನೇ ಮೊದಲು. (ಮುಳಬಾಗಿಲು ದೋಸೆ ಕೇಳಬೇಡಿ. ಕಾಲು ಭಾಗ ತಿನ್ನುತ್ತೇನೆ, ಉಳಿದದ್ದು ತಮ್ಮನಿಗೆ.)

ಇನ್ನು ಕೋಲಾರದ ನೀರು. ಸಾವಿರಾರು ಅಡಿ ಕೊರೆದ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಈ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. ಭಾರತೀಯ ಮಾನಕ ಬ್ಯೂರೋ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ. ಹೆಚ್ಚಾದರೆ ಹಲ್ಲು ಕಂದುತ್ತೆ, ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲು ಬಿಗಿಯುತ್ತೆ. ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಫ್ಲೋರೈಡ್ ಹಾನಿ ಇನ್ನೂ ಜಾಸ್ತಿ. ಅತ್ತ ಸರ್ಜರಿ ಆದವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾದರೂ ಅದೇ ಸೊಂಟ ನೋವು, ಅದೇ ಮೈಕೈ ನೋವು. ಎರಡೂ ಒಂದೇ ಥರ ಕಾಣುವುದರಿಂದ "ನಮ್ಮ ಕಡೆ ನೀರೇ ಹಂಗೆ ಬಿಡಮ್ಮಾ" ಅಂತ ಮುಗಿಸಿಬಿಡುತ್ತಾರೆ. ರಕ್ತದ ಕ್ಯಾಲ್ಸಿಯಂ ಒಂದನ್ನೇ ನೋಡಿ ಸಮಾಧಾನ ಪಡುವ ಹಾಗಿಲ್ಲ: ಕಡಿಮೆಯಾದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯಿಂದಲೇ ಕಿತ್ತು ರಕ್ತಕ್ಕೆ ತುಂಬುತ್ತೆ, ರಿಪೋರ್ಟ್ ನಾರ್ಮಲ್ ಬರುತ್ತೆ, ಮೂಳೆ ಟೊಳ್ಳಾಗುತ್ತೆ. ವಿಟಮಿನ್ ಡಿ ಮತ್ತು ಪಿಟಿಎಚ್ ಎರಡನ್ನೂ ಮಾಡಿಸಬೇಕು. ಕುಡಿಯಲು ಶುದ್ಧ ನೀರಿನ ಘಟಕದ ನೀರು ಬಳಸಿ.

"ಕಿಡ್ನಿ ಕಲ್ಲಾಗುತ್ತೆ, ಕ್ಯಾಲ್ಸಿಯಂ ಬಿಟ್ಟುಬಿಡು" ಅನ್ನುವ ಸಲಹೆ ನಮ್ಮೂರಲ್ಲಿ ಪುಕ್ಕಟೆ. ಬೈಪಾಸ್ ಆದವರ ಮಟ್ಟಿಗೆ ಇದು ತಲೆಕೆಳಗು. ಹೀರದೆ ಉಳಿದ ಕೊಬ್ಬು ಕರುಳಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತೆ, ಆಗ ಸೊಪ್ಪಿನಲ್ಲಿರುವ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ಹೋಗಿ ಕಿಡ್ನಿಯಲ್ಲಿ ಕಲ್ಲಾಗುತ್ತೆ. ಊಟದ ಜೊತೆ ಕ್ಯಾಲ್ಸಿಯಂ ನುಂಗಿದರೆ ಆಕ್ಸಲೇಟ್ ಕರುಳಿನಲ್ಲೇ ಅಂಟಿಕೊಂಡು ಹೊರಹೋಗುತ್ತೆ. ದಂಟು, ಪಾಲಕ್ ಹಾಕಿದ ಮಸ್ಸೊಪ್ಪಿನ ದಿನವಂತೂ ಮಾತ್ರೆ ತಪ್ಪಿಸಬೇಡಿ.

ವಿಟಮಿನ್ ಡಿ ದಿನಕ್ಕೆ 3000 ಯೂನಿಟ್, ರಕ್ತದಲ್ಲಿ 30 ನ್ಯಾನೋಗ್ರಾಂ ದಾಟುವ ತನಕ. ನಮ್ಮಲ್ಲಿ ಹೆಚ್ಚು ಬರೆಯುವುದು 60,000 ಯೂನಿಟ್ಟಿನ ಪುಡಿ ಅಥವಾ ಕ್ಯಾಪ್ಸೂಲ್. ಅದು ವಾರಕ್ಕೊಂದು. ದಿನಕ್ಕೊಂದು ಅಂತ ನುಂಗಿದರೆ ವಿಷ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುವುದು ತೂಕ ವೇಗವಾಗಿ ಇಳಿದ ಪರಿಣಾಮ, ಬಹುತೇಕರಿಗೆ ಮತ್ತೆ ಬೆಳೆಯುತ್ತೆ. ಇನ್‌ಸ್ಟಾದಲ್ಲಿ ಮಾರುವ ಬಯೋಟಿನ್ ಗಮ್ಮಿಗಳಿಂದ ಹೆಚ್ಚೇನೂ ಪ್ರಯೋಜನ ಇಲ್ಲ, ಮೇಲಾಗಿ ಅವು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಕೂದಲಿಗೆ ಅಂತ ಸತು ಒಂದನ್ನೇ ಜಾಸ್ತಿ ನುಂಗಿದರೆ ತಾಮ್ರ ಕಡಿಮೆಯಾಗುತ್ತೆ. 8ರಿಂದ 15 ಮಿ.ಗ್ರಾಂ ಸತುವಿಗೆ 1 ಮಿ.ಗ್ರಾಂ ತಾಮ್ರ ಇರಬೇಕು. ಮುಸ್ಸಂಜೆಯಲ್ಲಿ ಕಣ್ಣು ಮಂಜಾದರೆ ವಿಟಮಿನ್ ಎ ನೋಡಿಸಿ.

ಯಾರು ಕೊಡಬೇಕು?

ಲೆಕ್ಕ ಹಾಕಿ: ಮಲ್ಟಿವಿಟಮಿನ್, ಬಿ12, ಕಬ್ಬಿಣ, ದಿನಕ್ಕೆ ನಾಲ್ಕೈದು ಸಿಟ್ರೇಟ್, ಡಿ. ಜೊತೆಗೆ ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡುತ್ತಾರೆ. ಉಳಿದವಕ್ಕೆ ನಾನು ಕೋಲಾರದ ಖಾಸಗಿ ಲ್ಯಾಬ್‌ಗೆ ಹೋಗುತ್ತೇನೆ. ಟೊಮೆಟೊ ರೇಟು ಬಿದ್ದ ವರ್ಷ ರೈತರ ಮನೆಯಲ್ಲಿ ಮೊದಲು ನಿಲ್ಲುವ ಖರ್ಚು ಯಾವುದು ಅಂತ ಬಿಡಿಸಿ ಹೇಳಬೇಕಾ? ಹೊಟ್ಟೆ ನೋವಿನ ಮಾತ್ರೆ ನಿಲ್ಲಿಸಿದರೆ ಅದೇ ದಿನ ಗೊತ್ತಾಗುತ್ತೆ. ವಿಟಮಿನ್ ನಿಲ್ಲಿಸಿದರೆ ಎರಡು ವರ್ಷ ಏನೂ ಆಗಲ್ಲ. ಅದೇ ಅಪಾಯ.

ಜನೌಷಧಿ ಕೇಂದ್ರದಲ್ಲಿ ಇವುಗಳಲ್ಲಿ ಹಲವು ಕಡಿಮೆ ಬೆಲೆಗೆ ಸಿಗುತ್ತವೆ. ಮೇ 2025ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆ ಆವರಣದಲ್ಲಿರುವ ಜನೌಷಧಿ ಮಳಿಗೆಗಳನ್ನು ಮುಚ್ಚಲು ಆದೇಶಿಸಿತು. ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿ ಸಿಗಬೇಕು, ಒಳಗೇ ಮಾರಾಟ ಯಾಕೆ ಅನ್ನುವುದು ಅದರ ವಾದ. ಬಿಜೆಪಿ ಪ್ರತಿಭಟಿಸಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಉಚಿತ ಅನ್ನುವ ತತ್ವ ನನಗೂ ಒಪ್ಪಿಗೆಯೇ. ಆದರೆ ಕ್ಯಾಲ್ಸಿಯಂ ಸಿಟ್ರೇಟ್, 1000 ಮೈಕ್ರೋಗ್ರಾಂ ಬಿ12 ಅನ್ನು ಒಳಗಿನ ಕಿಟಕಿಯಲ್ಲಿ ಕೊಟ್ಟ ಮೇಲೆ ಹೊರಗಿನ ಅಂಗಡಿ ಮುಚ್ಚಲಿ. ಈ ಜಗಳದಲ್ಲಿ ಎರಡೂ ಕಡೆಯವರು ಮೋದಿ ಫೋಟೊ ಬಗ್ಗೆ ಆಡಿದಷ್ಟು ಮಾತನ್ನು ಔಷಧ ಪಟ್ಟಿ ಬಗ್ಗೆ ಆಡಲಿಲ್ಲ.

ನರಸಾಪುರ, ವೇಮಗಲ್ ಕಡೆ ಕೆಲಸ ಮಾಡುವ, ತಿಂಗಳ ಸಂಬಳ 21,000 ರೂಪಾಯಿ ಒಳಗಿರುವವರಿಗೆ ಇಎಸ್‌ಐ ಇರುತ್ತೆ. ಹೊರರೋಗಿಗೂ ಔಷಧ ಕೊಡುವ ವ್ಯವಸ್ಥೆ ಅದು, ಬರೆಸಿಕೊಂಡು ಕೇಳಿ ಪಡೆಯಿರಿ. ಖಾಸಗಿ ವಿಮೆ ಇದ್ದವರು ಡಿಸ್ಚಾರ್ಜ್ ದಿನದ ಮಾತ್ರೆಗಳನ್ನು ಆಸ್ಪತ್ರೆ ಬಿಲ್ಲಿನ ಭಾಗವಾಗಿಯೇ ಬರೆಸಿ. 14ನೇ ಕೋಡ್‌ನಲ್ಲಿ ಅಷ್ಟು ಸಂದಿ ಇದೆ. ಐಆರ್‌ಡಿಎಐ ಆ ಕಲಂ ತಿದ್ದಿ, ತಾನು ಒಪ್ಪಿದ ಸರ್ಜರಿಗೆ ಅನಿವಾರ್ಯವಾದ ಪೂರಕಗಳನ್ನು 'ಪೂರಕ' ಅನ್ನದೆ 'ಔಷಧ' ಅಂತ ಕರೆಯಬೇಕು. ಸಕ್ಕರೆ ಕಾಯಿಲೆಯವರ ಇನ್ಸುಲಿನ್‌ಗೆ ಯಾರೂ ಶಕ್ತಿ ಟಾನಿಕ್ ಅನ್ನುವುದಿಲ್ಲವಲ್ಲ.

ಬಸಿರಾಗುವವರು

ಸರ್ಜರಿ ಆಗಿ 12ರಿಂದ 18 ತಿಂಗಳು ಗರ್ಭ ಬೇಡ ಅನ್ನುತ್ತಾರೆ. ಬೈಪಾಸ್ ಆದವರಿಗೆ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹೀರದೇ ಇರಬಹುದು, ಕಾಪರ್-ಟಿಯಂಥ ದಾರಿ ಸುರಕ್ಷಿತ. ತೂಕ ಇಳಿದ ಮೇಲೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತೆ, ಮದುವೆಯಾಗಿ ಐದಾರು ವರ್ಷ ಮಕ್ಕಳಾಗಲಿಲ್ಲ ಅಂತ ಸುಮ್ಮನಿದ್ದವರಿಗೂ. ಬಸಿರಾದರೆ ವಿಟಮಿನ್ ಎ ಇರುವ ಮಾತ್ರೆ ಬೀಟಾ ಕ್ಯಾರೋಟಿನ್ ರೂಪದ್ದಾಗಿರಲಿ, ರೆಟಿನಾಲ್ ಹೆಚ್ಚಾದರೆ ಮಗುವಿಗೆ ಹಾನಿ. ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಸಕ್ಕರೆ ಪರೀಕ್ಷೆ ಮಾಡುತ್ತಾರೆ. ಬೈಪಾಸ್ ಆದವಳು ಅಷ್ಟು ಸಕ್ಕರೆ ಒಮ್ಮೆಗೇ ಕುಡಿದರೆ ಎದೆ ಬಡಿತ, ಬೆವರು, ಭೇದಿ, ತಲೆಸುತ್ತು. ಬದಲಿಗೆ ಒಂದು ವಾರ ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವ ವಿಧಾನ ಇದೆ, ಕೇಳಿ. ತಾಯಿ ಕಾರ್ಡ್ ಮಾಡಿಸುವ ದಿನವೇ ಮೊದಲ ಪುಟದಲ್ಲಿ ಸರ್ಜರಿ ವಿಷಯ ಬರೆಸಿ. ಅತ್ತೆ ಮನೆಯವರಿಗೆ ಗೊತ್ತಿಲ್ಲ ಅಂತ ಮುಚ್ಚಿಡುವವರಿದ್ದಾರೆ, ಅವರ ಕಷ್ಟ ನನಗೆ ಅರ್ಥವಾಗುತ್ತೆ. ಆಶಾ ಅಕ್ಕನಿಗೆ, ವೈದ್ಯರಿಗೆ ಬೇರೆಯಾಗಿ ಕರೆದಾದರೂ ಹೇಳಲೇಬೇಕು.

ಜೇಬಿನ ಚೀಟಿ

ಆಧಾರ್ ಕಾರ್ಡಿನ ಹಿಂದೆ ನಾನು ಇಟ್ಟುಕೊಂಡಿರುವ ಚೀಟಿಯ ಒಕ್ಕಣೆ ಇದು. ಸರ್ಜರಿ ಹೆಸರು, ತಿಂಗಳು, ವರ್ಷ ನಿಮ್ಮದು ಹಾಕಿಕೊಂಡು ನಕಲು ಮಾಡಿ, ಮನೆಯವರ ಫೋನಿಗೂ ಕಳಿಸಿ:

"ನನಗೆ ಜಠರದ ಬೈಪಾಸ್ ಸರ್ಜರಿ ಆಗಿದೆ. ವಾಂತಿ, ಸುಸ್ತು ಇದ್ದರೆ ಗ್ಲೂಕೋಸ್‌ಗೂ ಮುಂಚೆ ಥಯಾಮಿನ್ ಇಂಜೆಕ್ಷನ್ ಕೊಡಿ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಬೇಡ. ಮೂಗಿನಿಂದ ಜಠರಕ್ಕೆ ಟ್ಯೂಬ್ ಹಾಕುವ ಮುಂಚೆ ಸರ್ಜನ್‌ಗೆ ಫೋನ್ ಮಾಡಿ." ಅದರ ಕೆಳಗೆ ಸರ್ಜನ್ ನಂಬರ್, ನಮ್ಮಣ್ಣನ ನಂಬರ್, ನನ್ನ ರಕ್ತದ ಗುಂಪು.